ಮುಂಜಾನಿಂದ ಪವರ್ ಇಲ್ಲ

ಝಳಕಿಯ ಹೆದ್ದಾರಿ ಬದಿಯ ಅಂಗಡಿಯಲ್ಲಿ ಸುನಂದಾ ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳಿಗೆ ಹೊಸ ತಾಮ್ರದ ತಂತಿ ಸುತ್ತುತ್ತಾರೆ. ಗ್ಯಾರಂಟಿ ಚೀಟಿ ಬರೆದುಕೊಡುವ ಪದ್ಧತಿ ಅವರದಲ್ಲ. "ಒಂದು ವರ್ಷ ಸುಡೂದಿಲ್ಲ, ಒಯ್ರಿ" ಅಂದರೆ ಮುಗಿಯಿತು. ಆ ಮಾತಿಗೇ ದೂರದ ಆಲಮೇಲದಿಂದಲೂ ಮೋಟಾರುಗಳು ಬರುತ್ತವೆ.

ಇಂಡಿಯಲ್ಲಿ ವಿಜ್ಞಾನ ಕಲಿಸುವ ಮಾಸ್ತರನಾದ ನನ್ನಂತೆ ಅವರಿಗೂ ರೇಡಿಯೊ ಸೆಟ್ಟಿನಲ್ಲಿ ದೂರದವರೊಡನೆ ಮಾತಾಡುವ ಹುಚ್ಚು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಸೇರಿ ನಮ್ಮದೊಂದು ಬಳಗವಿದೆ. ನಾವೆಲ್ಲ ಪರೀಕ್ಷೆ ಪಾಸಾಗಿ, ಲೈಸೆನ್ಸ್ ಪಡೆದು, ದೊಡ್ಡ ಸೆಟ್ಟು ಇಟ್ಟುಕೊಂಡು ಮೀಸೆ ತಿರುವುವವರು. ಸುನಂದಾ ಅವರದು ಲೈಸೆನ್ಸ್ ಬೇಡದ ಸಿ.ಬಿ. ಸೆಟ್ಟು, ಗುಜರಿಯಿಂದ ತಂದದ್ದು. ಶಕ್ತಿ ನಾಲ್ಕೇ ವ್ಯಾಟು, ದೇವರ ಕೋಣೆಯ ಝೀರೋ ಬಲ್ಬಿಗಿಂತ ಕಡಿಮೆ. ಮೋಟಾರಿಗೆ ಸುತ್ತಿ ಉಳಿದ ತಂತಿಯನ್ನು ಬೆರಳಳತೆಯೂ ತಪ್ಪದಂತೆ ಕತ್ತರಿಸಿ ಮಾಳಿಗೆಯ ಮೇಲೆ ಏರಿಯಲ್ ಕಟ್ಟಿದ್ದಾರೆ. ಅಂಥ ಕೈ ನಮ್ಮ ಬಳಗದಲ್ಲಿ ಇನ್ನೊಬ್ಬರಿಗಿಲ್ಲ.

ನಾಲ್ಕು ವ್ಯಾಟಿನ ಮಾತು ನೆಲದ ಮೇಲೆ ಹತ್ತು ಹದಿನೈದು ಕಿಲೋಮೀಟರ್ ಹೋದರೆ ಹೆಚ್ಚು. ಆದರೆ ಸೂರ್ಯನ ಮೈಮೇಲೆ ಕಲೆಗಳು ಹೆಚ್ಚಾದ ವರ್ಷಗಳಲ್ಲಿ ಅದೇ ಮಾತು ಮೇಲೇರಿ, ಆಕಾಶದ ಪದರಕ್ಕೆ ಬಡಿದು, ಸಾವಿರಾರು ಕಿಲೋಮೀಟರ್ ಆಚೆ ಇಳಿಯುತ್ತದೆ. ನಡುವಿನ ಊರುಗಳಿಗೆ ಏನೂ ಕೇಳಿಸದು. ಹಾಗಾಗಿಯೇ ಇಂಡಿಯಲ್ಲಿ ಕೂತ ನನಗೆ ಕೇಳದ ಸುನಂದಾ ಅವರ ದನಿ ಹೋದ ಮಾರ್ಚಿನಲ್ಲಿ ಇಂಡೋನೇಷ್ಯಾದ ಒಬ್ಬನಿಗೆ ಕೇಳಿಸಿತು.

ಬಳಗದ ಹಿರಿಯರಾದ ರಾಘವೇಂದ್ರರಾಯರು ಇದನ್ನು ನಂಬಲಿಲ್ಲ. ನಾವೆಲ್ಲ ಕೂಡಿ ಮಾತಾಡುವ ರವಿವಾರದ ಹೊತ್ತಿನಲ್ಲಿ, ತಮ್ಮ ನೂರು ವ್ಯಾಟಿನ ಸೆಟ್ಟಿನಿಂದಲೇ ಅಂದರು: "ನಾಕು ವ್ಯಾಟಿನಾಗ ಇಂಡೋನೇಷ್ಯಾ? ಅಂಗಡ್ಯಾಗ ಮೂರು ಫೇಸ್ ಲೈನ್ ಅದ. ಕದ್ದು ಬೂಸ್ಟರ್ ಹಚ್ಯಾಳ, ಸುಳ್ಳು ಹೇಳ್ತಾಳ."

ಬೂಸ್ಟರ್ ಎಂದರೆ ನಾಲ್ಕು ವ್ಯಾಟನ್ನು ನೂರಾಗಿಸುವ ಡಬ್ಬಿ. ಸಿ.ಬಿ.ಗೆ ಅದನ್ನು ಜೋಡಿಸುವುದು ಅಪರಾಧ. ನಾನು ಎದುರಾಡಬೇಕಿತ್ತು, ಆಡಲಿಲ್ಲ. ಈಗಲೂ ನೆನೆದರೆ ನಾಚಿಕೆಯಾಗುತ್ತದೆ.

ಮಾತು ಊರೂರಿಗೆ ಹಬ್ಬಿತು. ಇಬ್ಬರು ರೈತರು ಬಿಚ್ಚಿಟ್ಟ ಮೋಟಾರನ್ನೇ ವಾಪಸು ಒಯ್ದರು. ನಾನು ಝಳಕಿಗೆ ಹೋದಾಗ ಸುನಂದಾ ಕೈಕೆಲಸ ನಿಲ್ಲಿಸದೆ ಕೇಳಿದರು: "ಕರೆಂಟಿನ ಮಾತಿನಾಗ ಸುಳ್ಳು ಹೇಳಾಕಿ ಅಂತ ಹೆಸರು ಬಿದ್ರ, ನನ್ನ ಕೈಯಾಗ ಮೋಟಾರ್ ಯಾರು ಕೊಡ್ತಾರ್ರಿ ಮಾಸ್ತರ?"

ಜೂನಿನಲ್ಲಿ ಇಂಡೋನೇಷ್ಯಾದಿಂದ ಕಾರ್ಡು ಬಂತು. ನಮ್ಮ ಹವ್ಯಾಸದಲ್ಲಿ ದೂರದವರೊಡನೆ ಮಾತಾದ ಮೇಲೆ ಸಾಕ್ಷಿಗಾಗಿ ಹೀಗೆ ಅಂಚೆಯಲ್ಲಿ ಕಾರ್ಡು ಕಳಿಸುವುದುಂಟು. ದಿನ, ವೇಳೆ, ಪವರ್ ಅಂದರೆ ಎಷ್ಟು ವ್ಯಾಟು ಎಂಬುದು, ಎಲ್ಲ ಅದರಲ್ಲಿರುತ್ತದೆ. ಅದನ್ನು ಹಿಡಿದು, ಸುನಂದಾ ಅವರನ್ನೂ ಕರೆದುಕೊಂಡು ನೇರ ರಾಯರ ಮನೆಗೆ ಹೋದೆ.

ರಾಯರು ಕನ್ನಡಕ ಏರಿಸಿ ಇಂಗ್ಲಿಷನ್ನು ಕನ್ನಡ ಮಾಡುತ್ತ ಓದಿದರು. "ಪವರ್: ಮುಂಜಾನಿಂದ ಇಲ್ಲ. ಸ್ಕೂಟರ್ ಬ್ಯಾಟರಿ." ತಲೆ ಎತ್ತಿದರು. "ಏನಿದು?"

"ಇಂಡೋನೇಷ್ಯಾದವರು ಪವರ್ ಎಷ್ಟು ಅಂತ ಕೇಳಿದ್ರು" ಎಂದರು ಸುನಂದಾ. "ನಮ್ಮ ಅಂಗಡ್ಯಾಗ ಪವರ್ ಅಂದ್ರ ಕರೆಂಟ್ ಅಲ್ರಿ? ಮುಂಜಾನಿಂದ ಇಲ್ಲ, ಸ್ಕೂಟರ್ ಬ್ಯಾಟರಿ ಮ್ಯಾಲೆ ಮಾತಾಡಾಕತ್ತೇನಿ ಅಂದೆ. ಪಾಪ, ಹಂಗ ಬರದಾರ."

ನನಗೆ ನಗು ತಡೆಯಲಾಗಲಿಲ್ಲ. ರಾಯರು ನಗಲಿಲ್ಲ. ಕರೆಂಟೇ ಇರದ ದಿನ ಮೂರು ಫೇಸಿನ ಮಾತು ನಿಲ್ಲುವುದಿಲ್ಲ. ಸ್ಕೂಟರಿನ ಪುಟ್ಟ ಬ್ಯಾಟರಿ ಬೂಸ್ಟರಿನ ಭಾರ ತಾಳದೆಂದು ನಮಗೆಲ್ಲ ಪಾಠ ಹೇಳಿದವರೂ ಅವರೇ. ಕಾರ್ಡನ್ನು ಎರಡೂ ಕೈಯಿಂದ ವಾಪಸು ಕೊಟ್ಟರು.

"ತಪ್ಪಾತಮ್ಮಾ. ಈ ರವಿವಾರ ಎಲ್ಲಾರ ಮುಂದ ಒಪ್ಕೋತೀನಿ."

ಸುನಂದಾ ಮೇಜಿನ ಮೇಲಿದ್ದ ದೊಡ್ಡ ಸೆಟ್ಟನ್ನು ನೋಡಿದರು. "ಎಷ್ಟು ವ್ಯಾಟಿನಾಗ ಹೇಳ್ತೀರಿ?"

"ಯಾಕ?"

"ನನಗ ಸುಳ್ಳಿ ಅಂದಾಗ ನೂರು ಇತ್ತಲ್ರಿ" ಎಂದರು ಅವರು. ಕಣ್ಣು ತುಂಬಿದ್ದವು, ದನಿ ಮಾತ್ರ ನಡುಗಲಿಲ್ಲ. "ಇದಕ್ಕೂ ಒಂದು ವ್ಯಾಟ್ ಕಡಿಮಿ ಮಾಡಬ್ಯಾಡ್ರಿ."