ಅವನನ್ನೇ ಬೈಯುವ ಹಾಡಿಗೆ ಅವನದೇ ಬೇಸ್

ಸಂಜೆ ನಾಲ್ಕು ಗಂಟೆ ನಲವತ್ತು ನಿಮಿಷಕ್ಕೆ ನಾನು ಆ ತಪ್ಪು ಮಾಡಿದೆ. ಖಾನಾಪುರದ ಒಂದು ಸಭಾಭವನದ ಅಂಗಳದಲ್ಲಿ ನಮ್ಮ ಮೂವರ ಬ್ಯಾಂಡ್ ಹಾಡುವುದಿತ್ತು. ನಮ್ಮ ಹಾಡುಗಾರ್ತಿಯ ಗಿಟಾರಿನ ಆಂಪ್ಲಿಫೈಯರಿನ ಮೂರು ಪಿನ್ನಿನ ಪ್ಲಗ್ಗು ಅಲ್ಲಿಯ ಬೋರ್ಡಿಗೆ ಹೊಂದಲಿಲ್ಲ. ಎಲ್ಲ ಕಡೆ ಮಾಡುವ ಹಾಗೆಯೇ ಎರಡು ಪಿನ್ನಿನ ಅಡಾಪ್ಟರ್ ಸಿಕ್ಕಿಸಿದೆ. ಶಾಕ್ ಹೊಡೆಯದಂತೆ ಕಾಯುವ ಅರ್ಥ್ ಪಿನ್ನು ಸುಮ್ಮನೆ ಹೊರಗೇ ಉಳಿಯಿತು. ಆಗಷ್ಟೇ ಮಳೆ ನಿಂತಿತ್ತು. ಅವಳು ಬರಿಗಾಲಲ್ಲಿ ಹಾಡುವವಳು.

ಉದ್ಯಮಬಾಗದ ಒಂದು ಕಾರ್ಖಾನೆಯಲ್ಲಿ ಪಂಪಿನ ಮೋಟಾರು ಪರೀಕ್ಷಿಸುವುದು ಅವಳ ಕೆಲಸ. ನಮ್ಮ ಬೇಸ್ ಗಿಟಾರಿನವನೂ ಅವಳೂ ಎರಡು ವರ್ಷ ಪ್ರೀತಿಸಿ ಬೇರೆಯಾದರು. ಬೇರೆಯಾದ ವಾರದಲ್ಲೇ ಅವಳು ಹಾಡು ಬರೆದು ತಂದಳು. ಅಳು ಇಲ್ಲ, ಗೋಳಿಲ್ಲ. ‘ನನ್ನ ಹೆಲ್ಮೆಟ್ ಕೊಡು, ನನ್ನ ಭಾನುವಾರ ಕೊಡು’ ಎಂದು ಒದ್ದುಕೊಂಡು ಓಡುವ ಹಾಡು. ಡ್ರಮ್ಮಿನ ಹಿಂದೆ ಕೂತ ನನಗೆ ಮೊದಲ ಸಲವೇ ಮೈ ಜುಮ್ಮೆಂದಿತ್ತು.

“ನನಗ ಬೈಯೂ ಹಾಡಿಗೆ ನಾನ ಬಾರಿಸ್ಬೇಕೇನ?” ಎಂದು ಅವನು ಕೇಳಿದ್ದ.

“ಮತ್ತ ನಿನ್ನಷ್ಟು ಚಲೋ ಬಾರಿಸಾವ್ರು ಯಾರದಾರ? ಖರೇ ಹೇಳಾಕತ್ತೇನಿ, ಹೊಗಳಾಕತ್ತಿಲ್ಲ,” ಎಂದಿದ್ದಳು ಅವಳು.

ಅವನು ಬಾರಿಸಿದ.

ಆ ಸಂಜೆ ‘ನನ್ನ ಭಾನುವಾರ’ ಎಂಬಲ್ಲಿ ಅವಳ ತುಟಿ ಮೈಕಿಗೆ ತಾಗಿತು. ದನಿ ಕತ್ತರಿಸಿಹೋಯಿತು. ಬೆರಳು ತಂತಿಯ ಮೇಲೆ ಬಿಗಿದುಕೊಂಡವು. ಹೊಸದಾಗಿ ಏನೋ ಮಾಡುತ್ತಿದ್ದಾಳೆಂದು ನಾನು ಇನ್ನೂ ನಾಲ್ಕು ಪೆಟ್ಟು ಬಾರಿಸಿದೆ. ಅವನು ಮಾತ್ರ ಬಾರಿಸುವುದು ಬಿಟ್ಟು ಓಡಿದ. ಹಾಡಿನ ಆ ಜಾಗದಲ್ಲಿ ಅವಳು ಉಸಿರಿಗೆಂದು ನಿಲ್ಲುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಬೋರ್ಡಿನಿಂದ ವಾಯರು ಕಿತ್ತ. ಅವಳು ಬಿದ್ದಳು.

ಬೆಳಗಾವಿಯ ಆಸ್ಪತ್ರೆಯಲ್ಲಿ ಎರಡು ದಿನ ಇಟ್ಟುಕೊಂಡರು. ತುಟಿ ಸುಟ್ಟಿತ್ತು, ಎರಡು ಬೆರಳು ಸುಟ್ಟಿದ್ದವು. ಅಡಾಪ್ಟರ್ ಹಾಕಿದವನು ನಾನೇ ಎಂದು ಹೇಳಿದೆ.

“ದಿನಾ ಮೋಟಾರಿಗೆ ಅರ್ಥ್ ಐತೇನು ನೋಡಾಕಿ, ನಂದ ನಾ ನೋಡ್ಕೊಳ್ಳಿಲ್ಲ. ತಪ್ಪು ನಿಂದ ಅರ್ಧಾ, ನಂದ ಅರ್ಧಾ,” ಎಂದಳು. ಅವನತ್ತ ತಿರುಗಿ, “ಜೀವಾ ಉಳಿಸಿದಿ, ದೊಡ್ಡ ಉಪಕಾರಾತು. ಹಾಡಿನಾಗ ಮಾತ್ರ ಒಂದ ಅಕ್ಷರಾನೂ ಬದಲಾಗಂಗಿಲ್ಲ.”

“ಬದಲ್ ಮಾಡು ಅಂತ ಯಾರಂದ್ರು? ಕಡೀ ಸಾಲಿನಾಗ ಗಡಿಬಿಡಿ ಮಾಡ್ತಿ, ಅದನ್ನಷ್ಟ ಸರಿ ಮಾಡ್ಕೊ.”

ನನಗೆ ನಿದ್ದೆ ಹತ್ತಲಿಲ್ಲ. ಕಣ್ಣು ಮುಚ್ಚಿದರೆ ಕೈ ಆ ನಾಲ್ಕು ಪೆಟ್ಟು ಬಾರಿಸುತ್ತಿತ್ತು. ಅವಳಿಗೂ ನಿದ್ದೆಯಿಲ್ಲವೆಂದು, ಮಲಗಿದರೆ ತುಟಿ ಚುರುಗುಟ್ಟುತ್ತದೆಂದು ಆಮೇಲೆ ತಿಳಿಯಿತು. ಮತ್ತೆ ಹಾಡುತ್ತಾಳೋ ಇಲ್ಲವೋ ಎಂದು ಕೇಳುವ ಧೈರ್ಯ ನಮಗಿಬ್ಬರಿಗೂ ಇರಲಿಲ್ಲ.

ಗಾಯ ಒಣಗಿದ ಮೇಲೊಂದು ಭಾನುವಾರ ಬೆಳಿಗ್ಗೆ ದೇಸೂರಿನ ನಮ್ಮ ಶೆಡ್ಡಿಗೆ ಅವಳೇ ಕರೆದಳು. ಕೈಯಾರೆ ಜೋಡಿಸಿದ ಮೂರು ಪಿನ್ನಿನ ಬೋರ್ಡು ತಂದಿದ್ದಳು. ಟೆಸ್ಟ್ ಲ್ಯಾಂಪ್ ಹಿಡಿದು ಎರಡೆರಡು ಸಲ ಅರ್ಥ್ ನೋಡಿದಳು. ಕಾಲಲ್ಲಿ ರಬ್ಬರ್ ಚಪ್ಪಲಿ. ಮೈಕಿನಿಂದ ಒಂದು ಗೇಣು ದೂರ ನಿಂತು ಶುರು ಮಾಡಿದಳು. ‘ನನ್ನ ಭಾನುವಾರ’ ಬಂತು. ಒಂದು ಹೆಜ್ಜೆ ಮುಂದೆ ಬಂದು ಮೈಕಿಗೆ ತುಟಿ ತಾಗಿಸಿದಳು. ನನ್ನ ಕೋಲು ಗಾಳಿಯಲ್ಲೇ ನಿಂತವು.

“ಯಾಕ ನಿಂತಿ? ಬಾರಸೋ!”

ಬಾರಿಸಿದೆ. ಕಡೆಯ ಸಾಲಿನಲ್ಲಿ ಗಡಿಬಿಡಿ ಮಾಡಲಿಲ್ಲ ಅವಳು. ಅವನು ತಲೆ ತಗ್ಗಿಸಿ ನಗುತ್ತಿದ್ದ.

ಸೋಮವಾರ ಅವಳ ಮೆಸೇಜು: “ಈಗ ಎದ್ನಿ. ಎಂಟಕ್ಕ ಡ್ಯೂಟಿ, ಏಳೂ ಮುಕ್ಕಾಲಾಗೈತಿ! ನಿನಗರೆ ನಿದ್ದಿ ಬಂತಿಲ್ಲೊ?” ನಾನು ಎದ್ದು ಅದನ್ನು ನೋಡಿದಾಗ ಒಂಬತ್ತೂವರೆ.