ನಡುವಿನ ಸ್ಟೂಲು

ಕಾಮ್ ಚೋಯ್‌ಗೆ ತನ್ನ ಗುರುತಿನ ಚೀಟಿಯ ಫೋಟೊ ಕಂಡರೆ ಆಗುತ್ತಿರಲಿಲ್ಲ. "ನೋಡೇ, ಕೋಳಿ ಕದ್ದು ಸಿಕ್ಕಿಬಿದ್ದವಳ ಹಾಗಿದ್ದೀನಿ. ನಾನು ಸತ್ತ ಮೇಲೆ ಇದನ್ನ ಮಾತ್ರ ನನ್ನ ಸಮಾಧಿ ಕಲ್ಲಿಗೆ ಹಾಕಿಸಬೇಡ. ನಗ್ತಾ ಇರೋದು ಎಲ್ಲಾದ್ರೂ ಹುಡುಕು," ಎಂದು ಹಬ್ಬ ಹಬ್ಬಕ್ಕೂ ಯೂಕ್ ಲಾನ್‌ಗೆ ಹೇಳುತ್ತಿದ್ದಳು. "ಆಯ್ತಕ್ಕ, ಆಯ್ತು" ಎಂದು ಯೂಕ್ ಲಾನ್ ಮಾತು ಮುಗಿಸುತ್ತಿದ್ದಳು. ಸಾವಿನ ಮಾತಿಗೆ ಹೂಂ ಅನ್ನುವುದಕ್ಕಿಂತ ಹೆಚ್ಚಿಗೆ ಯಾರು ತಾನೇ ಏನು ಮಾಡುತ್ತಾರೆ? ಈಗ ಕಾಮ್ ಚೋಯ್ ನಿಜವಾಗಿಯೂ ಹೋಗಿಬಿಟ್ಟಿದ್ದಳು, ಆ ಹೂಂ ಮಾತ್ರ ಯೂಕ್ ಲಾನಳ ಕೊರಳಿಗೆ ಬಿದ್ದಿತ್ತು.

ಇಬ್ಬರೂ ಒಡಹುಟ್ಟಿದವರಲ್ಲ. ಸಿಂಗಪುರದ ಬಾತುಕೋಳಿ ಬೀದಿಯಲ್ಲಿ ಒಂದೇ ಜಗಲಿಯ ಮೇಲೆ ಸ್ಟೂಲು ಹಾಕಿಕೊಂಡು ಹೆಂಗಸರ ಮುಖದ ರೋಮ ತೆಗೆಯುತ್ತಿದ್ದವರು. ಮುಖಕ್ಕೆ ಬಿಳಿ ಪುಡಿ ಬಳಿದು, ದಾರದ ಒಂದು ತುದಿಯನ್ನು ಹಲ್ಲಲ್ಲಿ ಕಚ್ಚಿ, ಎರಡು ಕೈಯಲ್ಲಿ ಹೆಣೆದು ಸರಕ್ಕನೆ ಎಳೆಯುವ ಕೆಲಸ. ಕೆಲಸ ಕಲಿಸಿದವಳು ಕಾಮ್ ಚೋಯ್. ಕಲಿತವಳು ಅವಳಿಗಿಂತ ಎಷ್ಟೋ ಚಿಕ್ಕವಳಾದ ಯೂಕ್ ಲಾನ್, ಹಡಗಿನ ಕೆಲಸಕ್ಕೆ ಹೋದ ಗಂಡ ಮರಳಿ ಬಾರದೆ ಎಳೆ ಮಗುವಿನೊಂದಿಗೆ ಉಳಿದವಳು. ಕಾಮ್ ಚೋಯ್ ಮದುವೆಯಾಗಲಿಲ್ಲ, ಅವಳಿಗೆ ಹಿಂದಿಲ್ಲ ಮುಂದಿಲ್ಲ. ಸರ್ಕಾರ ಬೀದಿಯನ್ನು ಒಡೆದು ಜನರನ್ನೆಲ್ಲ ಎತ್ತರದ ಕಟ್ಟಡಗಳಿಗೆ ಹಂಚಿದಾಗ ಇಬ್ಬರೂ ಹಟ ಹಿಡಿದು ಒಂದೇ ಕಟ್ಟಡದಲ್ಲಿ ಮನೆ ಪಡೆದರು. ಬೀದಿ ಇದ್ದ ಜಾಗದಲ್ಲಿ ಈಗ ಕಾರು ನಿಲ್ಲಿಸುತ್ತಾರೆ.

ಕಾಮ್ ಚೋಯ್‌ಳ ಬೂದಿ ಈಗ ಗುಡಿಯ ಹಿಂದಿನ ಗೋಡೆಯ ಗೂಡೊಂದರಲ್ಲಿದೆ. ಅಕ್ಕಪಕ್ಕದ ಗೂಡುಗಳ ಕಲ್ಲಿನ ಮುಚ್ಚಳಗಳ ಮೇಲೆ ಮುಖಗಳಿವೆ, ಅವಳದ್ದು ಬೋಳು. "ಸಮಾಧಿ ಗುಡಿಸೋ ಹಬ್ಬಕ್ಕೆ ಮುಂಚೆ ಪಟ ತಂದುಕೊಡಿ. ಇಲ್ಲಾಂದ್ರೆ ಚೀಟಿಯಲ್ಲಿರೋದನ್ನೇ ಹಾಕಿಬಿಡ್ತೀನಿ," ಎಂದಿದ್ದ ಕಲ್ಲು ಕೆತ್ತುವ ಲೌ. ಹಬ್ಬ ಹತ್ತಿರ ಬಂದಿತ್ತು. ಯೂಕ್ ಲಾನ್ ಮನೆಯ ಡಬ್ಬಗಳನ್ನೆಲ್ಲ ತಲೆಕೆಳಗು ಮಾಡಿದಳು. ಕ್ಯಾಮೆರಾ ಕಂಡರೆ ಜಾಗ ಖಾಲಿ ಮಾಡುವ ಹೆಂಗಸಿನ ಪಟ ಎಲ್ಲಿಂದ ಸಿಗಬೇಕು? ತನ್ನ ಮಗಳು ವೈ ಫುಂಗಳ ಮದುವೆಯ ಆಲ್ಬಮ್ಮಿನಲ್ಲೂ ಯಾರದೋ ತೋಳಿನ ಹಿಂದೆ ಅವಳ ಅರ್ಧ ಕಿವಿಯಷ್ಟೇ ಇತ್ತು. ಆ ಕಿವಿಯನ್ನು ನೋಡಿಯೇ ಯೂಕ್ ಲಾನ್ ಒಂದಿಷ್ಟು ಅತ್ತಳು, ಆಮೇಲೆ ಚೆನ್ನಾಗಿ ಬೈದಳು.

ಹೀಗಿರುವಾಗ ಬಡಾವಣೆಯ ಗ್ರಂಥಾಲಯದಲ್ಲಿ ಒಡೆದುಹೋದ ಹಳೆಯ ಬೀದಿಗಳ ಫೋಟೊಗಳನ್ನು ತೂಗುಹಾಕಿದ್ದಾರೆ ಎಂಬ ಸುದ್ದಿ ತಂದವಳು ಫಾನ್ ಅತ್ತಿಗೆ. ಬಾತುಕೋಳಿ ಬೀದಿಯ ಅದೇ ಜಗಲಿಯ ತುದಿಯಲ್ಲಿ ಕಡಲೆಬೀಜದ ಪಾಯಸ ಮಾರುತ್ತಿದ್ದವಳು. ಬೀದಿಗೆಲ್ಲ ಅತ್ತಿಗೆ, ನಾಲಗೆ ಮಾತ್ರ ಅತ್ತೆಯದ್ದು. ಇಬ್ಬರೂ ಕೊಡೆ ಹಿಡಿದು ಹೊರಟರು.

ಗೋಡೆಯ ತುಂಬ ಅವರ ಬೀದಿಯೇ ಇತ್ತು. ಬಿದಿರು ಕೋಲಿಗೆ ನೇತುಬಿದ್ದ ಒಣ ಬಾತುಕೋಳಿಗಳು, ಮಾಸಿದ ಕಿಟಕಿ ಬಾಗಿಲು, ಸೋರುವ ನಲ್ಲಿ. ಯೂಕ್ ಲಾನ್ ಮೂಗು ತಾಗುವಷ್ಟು ಹತ್ತಿರ ಹೋಗಿ ಒಂದೊಂದನ್ನೇ ನೋಡಿದಳು. ಆ ಮೆಟ್ಟಿಲ ಮೇಲೆ ವೈ ಫುಂಗ್ ಮೊದಲ ಹೆಜ್ಜೆ ಇಟ್ಟಿದ್ದು, ಈ ಬಾಗಿಲಲ್ಲಿ ಕಾಮ್ ಚೋಯ್ ಮನೆ ಮಾಲೀಕನಿಗೆ ಪೊರಕೆ ತೋರಿಸಿದ್ದು. ಇಂಥ ಇಕ್ಕಟ್ಟಿನ, ನಾರುವ, ಇಲಿ ಓಡಾಡುವ ಬೀದಿಗೆ ತನ್ನ ಕರುಳು ಇಷ್ಟು ಎಳೆಯುತ್ತದೆಂದು ಅವಳಿಗೆ ತಿಳಿದಿರಲಿಲ್ಲ.

"ಪಟ ಹಿಡಿದವನಿಗೆ ಬುದ್ಧಿ ಇದೆಯಾ? ಚರಂಡಿ ಪಟ ಮೂರು ಇದೆ, ಒಬ್ಬ ಮನುಷ್ಯ ಇಲ್ಲ," ಎಂದಳು ಫಾನ್ ಅತ್ತಿಗೆ.

"ಇದಾನಲ್ಲ ಅಲ್ಲಿ, ನಮ್ಮ ಬೀದಿಯ ಹಲ್ಲುಬ್ಬ ತಾನ್."

"ಅದು ಬಾತುಕೋಳಿ ಕಣೇ. ಕನ್ನಡಕ ಒರೆಸಿಕೋ."

ಮೇಜಿನ ಹಿಂದೆ ಕೂತಿದ್ದ ಹುಡುಗಿ ಪೆಯ್ ಷಾನ್ ನಗುತ್ತಾ ಎದ್ದು ಬಂದಳು. ಅವರಿಗೆ ಏನು ಬೇಕೆಂದು ಕೇಳಿದಳು. ಯೂಕ್ ಲಾನ್ ಹೇಳಿದಳು: ಬೀದಿ ಒಡೆಯುವುದಕ್ಕೆ ಕೆಲವು ವಾರ ಮುಂಚೆ ಕೊರಳಿಗೆ ಕ್ಯಾಮೆರಾ ಹಾಕಿಕೊಂಡ ಒಬ್ಬ ಬಂದಿದ್ದ. ಜಗಲಿಯ ಮೇಲೆ ನಮ್ಮ ಪಟವನ್ನೂ ಹಿಡಿದ. ಪ್ರತಿ ಕೊಡುತ್ತೇನೆ ಅಂದ, ಕೊಡುವ ಹೊತ್ತಿಗೆ ನಾವೂ ಇರಲಿಲ್ಲ, ಬೀದಿಯೂ ಇರಲಿಲ್ಲ.

"ಅವತ್ತು ನಡುವಿನ ಸ್ಟೂಲಿನಲ್ಲಿ ನಾನು ಕೂತಿದ್ದೆ. ನನ್ನನ್ನ ತಳ್ಳಿ ಎಬ್ಬಿಸಿದಳು ನಮ್ಮಕ್ಕ. ಕ್ಯಾಮೆರಾ ಅಂದ್ರೆ ಓಡ್ತಿದ್ದವಳಿಗೆ ಅವತ್ತು ನಡುವೆಯೇ ಕೂರಬೇಕಿತ್ತಂತೆ, ಮಹಾರಾಣಿ ಹಾಗೆ. ನಾನು ಎಷ್ಟೋ ದಿನ ಮಾತೇ ಬಿಟ್ಟಿದ್ದೆ."

ಫಾನ್ ಅತ್ತಿಗೆ ಮುಖ ತಿರುಗಿಸಿ ಮತ್ತೆ ಚರಂಡಿಯ ಪಟ ನೋಡತೊಡಗಿದಳು.

"ಗೋಡೆಗೆ ಹಾಕದೆ ಉಳಿದಿದ್ದು ಒಂದು ಪೆಟ್ಟಿಗೆ ಇದೆ ಆಂಟಿ, ನೋಡೋಣ," ಎಂದು ಪೆಯ್ ಷಾನ್ ಅದನ್ನು ತಂದು ಮೇಜಿನ ಮೇಲೆ ಸುರಿದಳು. ಮೂವರೂ ಹುಡುಕಿದರು. ಪೆಟ್ಟಿಗೆಯ ತಳದಲ್ಲಿ ಒಂದರ ಹಿಂದೊಂದು ತೆಗೆದ ಎರಡು ಪಟಗಳು ಸಿಕ್ಕವು.

ಮೊದಲನೆಯದರಲ್ಲಿ ನಡುವೆ ಯೂಕ್ ಲಾನ್, ಬಾಯಲ್ಲಿ ದಾರ ಕಚ್ಚಿಕೊಂಡೇ ಕ್ಯಾಮೆರಾ ನೋಡುತ್ತಿದ್ದಾಳೆ. ಒಂದು ಕಡೆ ಫಾನ್ ಅತ್ತಿಗೆ, ಕೈಯಲ್ಲಿ ಸೌಟು. ಇನ್ನೊಂದು ಕಡೆ ಕಾಮ್ ಚೋಯ್ ಕ್ಯಾಮೆರಾ ಕಡೆಗಲ್ಲ, ಯೂಕ್ ಲಾನಳ ಬೆನ್ನಿನ ಕಡೆ ನೋಡುತ್ತಿದ್ದಾಳೆ, ಗಾಬರಿಯಲ್ಲಿ. ಎರಡನೆಯದರಲ್ಲಿ ಕಾಮ್ ಚೋಯ್ ನಡುವೆ ಬಂದಿದ್ದಾಳೆ. ಪಕ್ಕಕ್ಕೆ ತಳ್ಳಿಸಿಕೊಂಡ ಯೂಕ್ ಲಾನ್ ಸಿಟ್ಟಿನಿಂದ ಅವಳ ತೋಳನ್ನು ಜಿಗುಟುತ್ತಿದ್ದಾಳೆ. ಆ ಜಿಗುಟಿಗೆ ಕಾಮ್ ಚೋಯ್ ಕಣ್ಣು ಮುಚ್ಚಿ, ಬಾಯ್ತುಂಬ, ಒಸಡು ಕಾಣುವ ಹಾಗೆ ನಗುತ್ತಿದ್ದಾಳೆ.

"ಸಿಕ್ಕಳು," ಎಂದಳು ಯೂಕ್ ಲಾನ್. ಆ ನಗುವಿನ ಮೇಲೆ ಬೆರಳಿಟ್ಟು ಸವರಿದಳು. ಆಮೇಲೆ ಮೊದಲ ಪಟವನ್ನು ಮತ್ತೆ ಎತ್ತಿಕೊಂಡಳು. ಏನೋ ಸರಿಯಿರಲಿಲ್ಲ.

"ಅತ್ತಿಗೆ, ವೈ ಫುಂಗ್ ಎಲ್ಲಿ? ಅವಳು ನನ್ನ ಬೆನ್ನ ಮೇಲಿದ್ದಳಲ್ಲ. ನಾವು ನಾಲ್ವರಿದ್ವಿ ಅಂತಾನೇ ನಾನು ಧೈರ್ಯವಾಗಿ ಕೂತಿದ್ದೆ."

ಪಟದಲ್ಲಿ ಮಗುವನ್ನು ಕಟ್ಟಿಕೊಳ್ಳುವ ಬಟ್ಟೆ ಅವಳ ಬೆನ್ನಿಗಿತ್ತು, ಆದರೆ ಜೋತುಬಿದ್ದಿತ್ತು, ಒಳಗೆ ಮಗು ಇರಲಿಲ್ಲ.

ಪೆಯ್ ಷಾನ್‌ಗೆ ಅರ್ಥವಾಗಲಿಲ್ಲ. "ಮೂವರಿದ್ರೆ ಏನಾಯ್ತು ಆಂಟಿ?"

"ಈಗಿನ ಮಕ್ಕಳಿಗೆ ಇದೂ ಗೊತ್ತಿಲ್ಲ," ಎಂದಳು ಫಾನ್ ಅತ್ತಿಗೆ. "ಮೂವರು ಕೂತು ಪಟ ಹಿಡಿಸಿಕೊಂಡ್ರೆ ನಡುವಿನವರು ಮೊದಲು ಹೋಗ್ತಾರೆ. ನಮ್ಮಲ್ಲಿ ಯಾರೂ ಹಾಗೆ ಕೂರ್ತಿರಲಿಲ್ಲ." ಆಮೇಲೆ ಯೂಕ್ ಲಾನ್ ಕಡೆ ತಿರುಗಿ ದನಿ ತಗ್ಗಿಸಿದಳು. "ಮಗು ಆಗ ತಾನೇ ಮಲಗಿತ್ತು, ನೀನೇ ಒಳಗೆ ತೊಟ್ಟಿಲಿಗೆ ಹಾಕಿ ಬಂದಿದ್ದೆ. ಕೆಲಸದ ಗಡಿಬಿಡಿಯಲ್ಲಿ ನಿನಗೆ ಬಟ್ಟೆ ಬಿಚ್ಚೋದಕ್ಕೂ ಮರೆತಿತ್ತು, ಮಗು ಬೆನ್ನ ಮೇಲೇ ಇದೆ ಅಂದ್ಕೊಂಡೆ. ನಿಮ್ಮಕ್ಕ ಅದನ್ನ ನೋಡಿದಳು. ಅಷ್ಟರಲ್ಲಿ ಆ ಮನುಷ್ಯ ಒಂದು ಹಿಡಿದುಬಿಟ್ಟಿದ್ದ."

"ನನಗೆ ಹೇಳಬಾರದಾಗಿತ್ತಾ? ಎದ್ದು ಹೋಗ್ತಿದ್ದೆ."

"ಹಿಡಿದದ್ದು ಹಿಡಿದಾಗಿತ್ತಲ್ಲ. ಇನ್ನೊಂದು ಹಿಡಿ, ನಾನು ನಡುವೆ ಕೂರ್ತೀನಿ, ಆಗ ಯೂಕ್ ಲಾನಳ ಅಪಾಯ ಕಳೀತದೆ ಅಂತ ನಿಮ್ಮಕ್ಕನ ಲೆಕ್ಕ. ಆಮೇಲೆ ನನ್ನ ಹತ್ರ ಬಂದು ಹೇಳಿದಳು, ಅತ್ತಿಗೆ, ಅವಳಿಗೆ ಮೊಲೆ ಕುಡಿಯೋ ಕೂಸಿದೆ, ನನಗೆ ಯಾರಿದಾರೆ, ಬಂದರೆ ನನಗೇ ಬರಲಿ. ಅವಳಿಗೆ ಹೇಳಿದ್ರೆ ನಿನ್ನ ಪಾಯಸದ ಪಾತ್ರೆ ಬೀದಿಗೆ ಎಸೀತೀನಿ ಅಂದಳು."

ಇಷ್ಟು ವರ್ಷ ಯೂಕ್ ಲಾನ್ ಆ ಸ್ಟೂಲಿನ ಮಾತೆತ್ತಿ ಅಕ್ಕನನ್ನು ಕೆಣಕಿದ್ದಳು, ಮಹಾರಾಣಿ ಎಂದು ಆಡಿಕೊಂಡಿದ್ದಳು, ಆಸ್ಪತ್ರೆಯ ಹಾಸಿಗೆಯ ಪಕ್ಕದಲ್ಲೂ. ಕಾಮ್ ಚೋಯ್ ಒಂದು ಸಲವೂ ಬಾಯಿ ಬಿಡಲಿಲ್ಲ. "ಹೌದೇ, ನನಗೆ ನಡುವೆ ಕೂರೋ ಆಸೆ" ಎನ್ನುತ್ತಿದ್ದಳು.

"ಅವಳು ಮುದುಕಿಯಾಗಿ, ಕಾಲ ತುಂಬಿ ಹೋದಳು ಕಣೇ," ಎಂದಳು ಫಾನ್ ಅತ್ತಿಗೆ. "ಪಟದಿಂದ ಅಲ್ಲ."

"ಅದು ನನಗೂ ಗೊತ್ತು ಅತ್ತಿಗೆ. ಆದರೆ ಅವತ್ತು ಅವಳಿಗೆ ಗೊತ್ತಿರಲಿಲ್ಲವಲ್ಲ."

ಪೆಯ್ ಷಾನ್ ಎರಡನೆಯ ಪಟದ ಪ್ರತಿ ಮಾಡಿಸಿ ಕೊಟ್ಟಳು. ಮಾರನೆಯ ದಿನ ಯೂಕ್ ಲಾನ್ ಒಬ್ಬಳೇ ಲೌನ ಅಂಗಡಿಗೆ ಹೋದಳು. ಅವನು ಕನ್ನಡಕವನ್ನು ಹಣೆಗೇರಿಸಿ ಪಟ ನೋಡಿದ. "ಒಳ್ಳೆ ನಗು. ಅಕ್ಕಪಕ್ಕದವರನ್ನ ತೆಗೆದುಬಿಡ್ತೀನಿ," ಎಂದು ಮುಖ, ತೋಳುಗಳ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದ. ಎಳೆಯುತ್ತಾ ಕೈ ನಿಲ್ಲಿಸಿದ. "ತೋಳಿನ ಮೇಲೆ ಒಂದು ಕೈ ಇದೆ. ಯಾರದು?"

"ನನ್ನದು."

"ಅಳಿಸಿಬಿಡ್ತೀನಿ ಬಿಡಿ. ಬದುಕಿರೋರ ಕೈ ಗೂಡಿನ ಕಲ್ಲಿನ ಮೇಲೆ ಬರಬಾರದು, ಅಪಶಕುನ. ನಿಮಗೆ ನಾನು ಹೇಳಬೇಕಾ?"

"ಗೊತ್ತು," ಎಂದಳು ಯೂಕ್ ಲಾನ್. ಅವನ ಕೈಯಿಂದ ಪೆನ್ಸಿಲ್ ತೆಗೆದುಕೊಂಡು, ಗೆರೆಯನ್ನು ಪಟದಲ್ಲಿದ್ದ ತನ್ನ ಬೆರಳುಗಳ ಆಚೆಗೆ ತಾನೇ ಎಳೆದಳು. "ಕೈ ಇರಲಿ. ಇಷ್ಟು ವರ್ಷ ಆ ನಡುವಿನ ಜಾಗದಲ್ಲಿ ಅವಳು ಒಬ್ಬಳೇ ಕೂತಿದ್ದಾಳೆ."