ರಸ್ತೆಗೆ ಹರಡಿದ ರಾಗಿ

ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷಕ್ಕೆ ಆ ಲಾರಿ ಬಂತು. ನಾನು ಕರಾವಳಿಯಿಂದ ಆಂಧ್ರ ಗಡಿಯ ನಂಗಲಿ ಹತ್ತಿರದ ಶಾಲೆಗೆ ಕೆಲಸಕ್ಕೆ ಬಂದು ಎರಡು ತಿಂಗಳಾಗಿತ್ತು. ಓಡಾಡುವ ಗಾಡಿಗಳೇ ತುಳಿದು ಕಾಳು ಬಿಡಿಸಲಿ ಎಂದು ಇಲ್ಲಿನವರು ರಾಗಿ ತೆನೆಯನ್ನು ಟಾರು ರಸ್ತೆಗೆ ಹರಡುತ್ತಾರೆ. ನನ್ನ ಮನೆಯ ಓನರಮ್ಮ ತೆನೆ ತಿರುವಿಹಾಕುತ್ತಿದ್ದರು, ನಾನು ಪಕ್ಕದಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಬ್ರೇಕ್ ಹಾಕಿದ ಲಾರಿ ತೆನೆಯ ಮೇಲೆ ಅಡ್ಡಕ್ಕೆ ಜಾರಿತು. ಆಕೆ ಚರಂಡಿಗೆ ಹಾರಿದರು.

“ಏಮೀ ಕಾಲೇದು ಪಾಪಾ, ಏನೂ ಆಗಿಲ್ಲ, ಎರಡು ಕಾಲೂ ಇದಾವೆ,” ಎಂದು ಸೆರಗು ಕೊಡವಿಕೊಂಡು ಎದ್ದರು. ಡ್ರೈವರನ ಕಡೆ ತಿರುಗಿ, “ಲೇ, ಕಣ್ಣು ಜೇಬಲ್ಲಿಟ್ಕೊಂಡಿದ್ಯೇನ್ಲಾ?” ಎಂದರು.

ಅಂದಿನಿಂದ ನನ್ನ ನಿದ್ದೆ ಕೆಟ್ಟಿತು. ಕಣ್ಣು ಮುಚ್ಚಿದರೆ ಲಾರಿ ಜಾರುತ್ತಿತ್ತು, ಆಕೆ ಮಾತ್ರ ಹಾರುತ್ತಿರಲಿಲ್ಲ. ಊರ ಕಡೆಗೆ ವರ್ಗ ಕೇಳಿ ಅರ್ಜಿ ಬರೆದಿಟ್ಟೆ.

ಓನರಮ್ಮನ ಮೆದೆಯಲ್ಲಿ ಇನ್ನೂ ಅರ್ಧ ರಾಗಿ ಉಳಿದಿತ್ತು. ಹನ್ನೆರಡನೆಯ ದಿನ ಅವರು ಮತ್ತೆ ತೆನೆ ಹೊತ್ತು ಹೊರಟಾಗ ನಾನು ಬಾಗಿಲಿಗೆ ಅಡ್ಡ ನಿಂತೆ.

“ರಸ್ತೆಗೆ ಬೇಡಮ್ಮಾ.”

“ಮತ್ತೆ ಬಡಿಯೋರ್ಯಾರು, ನೀನಾ?”

“ಹೂಂ, ನಾನೇ.”

ಅವರು ನಕ್ಕರು. ಆದರೂ ಹಿತ್ತಿಲಲ್ಲಿ ಸಗಣಿ ಸಾರಿಸಿ ಕಣ ಮಾಡಿದರು. ಮರುದಿನ ಭಾನುವಾರ, ಸಂಜೆಯವರೆಗೂ ಇಬ್ಬರೂ ಕೋಲಿನಿಂದ ತೆನೆ ಬಡಿದೆವು.

“ಎತ್ತಿ ಹೊಡಿಯೇ, ನೊಣ ಓಡಿಸ್ತಿದೀಯಾ?”

ಅಂಗೈಯಲ್ಲಿ ಬೊಬ್ಬೆ ಎದ್ದವು. ಆ ರಾತ್ರಿ ಲಾರಿ ಬಂದಿದ್ದರೂ ನನಗೆ ಗೊತ್ತಾಗಲಿಲ್ಲ. ಎಚ್ಚರವಾದಾಗ ಬಿಸಿಲು ಹಾಸಿಗೆಗೆ ಬಂದಿತ್ತು. ಹಿತ್ತಿಲಲ್ಲಿ ಆಕೆ ರಾಗಿ ತೂರುತ್ತಿದ್ದರು.